ಗಾಂಧಿ ಕ್ಲಾಸ್ ಕಾಸಿಗೆ ಹೀರೋ ಕಾರು!

ವಿಲನ್ ಕಾಂಟೆಸ್ಸಾದಲ್ಲಿ ಬಂದಿಳಿದ ಅಂದ್ರೆ ಸಾಕು, ಗಾಂಧಿ ಕ್ಲಾಸಿನಲ್ಲಿ ಶಿಳ್ಳೆಯೋ ಶಿಳ್ಳೆ! 1964ರ 'ಗೋಲ್ಡ್‌ಫಿಂಗರ್'ನಲ್ಲಿ ಬಾಂಡ್ ಓಡಿಸಿದ ಆಸ್ಟನ್ ಮಾರ್ಟಿನ್ ನೋಡಿ ನಮ್ಮ ತಾತನ ಕಾಲದವರೇ ಬಾಯಿ ಬಿಟ್ಟಿದ್ದರು. ನಮ್ಮ ಜೇಬಿಗೆ ದಕ್ಕೋದು ಅದರ ಸ್ಟಿಕ್ಕರ್ ಮಾತ್ರ ಬಿಡಿ. ಆದ್ರೆ ಗುರೂ, ಎರಡು ಲಕ್ಷದೊಳಗೆ ಜುಂ ಅನ್ನಿಸೋ ಹಳೇ ಗಾಡಿ ಒಂದಿದೆ. ಫಿಯಟ್ ಪಾಲಿಯೋ 1.6! 2001ರಲ್ಲಿ ಬಂತು, ಜಾಹೀರಾತಿಗೆ ಸಚಿನ್ ತೆಂಡೂಲ್ಕರ್. ಪುಟ್ಟ ಮೈಗೆ 1596 ಸಿಸಿ ಎಂಜಿನ್, ಸುಮಾರು 100 ಕುದುರೆಶಕ್ತಿ. ಪೆಟ್ರೋಲ್ ಕುಡಿಯೋದು ಮಾತ್ರ ಖಳನಾಯಕರು ಬಾಟ್ಲಿ ಎತ್ತಿದ ಹಾಗೆ.

ಮೊಬೈಲ್ ಅಂಗಡಿಯಲ್ಲಿ ದುಡಿಯೋ ಗೆಳೆಯನೊಬ್ಬ ಇದೇ ಗಾಡಿ ಬೇಕೂಂತ ಹಟ ಹಿಡಿದ. ಮೂರು ವರ್ಷ ಕಟ್ಟಿದ ಚೀಟಿ ಹಣ, ಕೈಯಲ್ಲಿರೋದು ಎರಡೇ ಲಕ್ಷ. ಗಾಡಿ ಕೈಕೊಟ್ಟರೆ ಇನ್ನೂ ಮೂರು ವರ್ಷ ಬಸ್ಸೇ ಗತಿ. ಜೊತೆಗೆ ನನ್ನನ್ನೂ ಎಳಕೊಂಡು ಹೋದ.

ಮೊದಲು ನೋಡಿದ್ದು ಸೆಕೆಂಡ್ ಹ್ಯಾಂಡ್ ಅಂಗಡಿಯೊಂದರ ಕೆಂಪು ಗಾಡಿ. ಅಲಾಯ್ ವ್ಹೀಲು, ಹಿಂದೆ ಸ್ಪಾಯ್ಲರ್, ಹಾಲಿನ ಡಬ್ಬದಷ್ಟು ದಪ್ಪ ಸೈಲೆನ್ಸರ್. ಗೆಳೆಯ ನಾಯಕಿಯ ಎಂಟ್ರಿ ಕಂಡವನಂತೆ ನಿಂತುಬಿಟ್ಟ. ನಾನು ಬಾನೆಟ್ ಮುಟ್ಟಿದೆ... ಬಿಸಿ! ನಾವು ಬರೋ ಮುಂಚೆಯೇ ಎಂಜಿನ್ ಕಾಯಿಸಿ ಇಟ್ಟಿದ್ದಾರೆ. ತಣ್ಣಗಿರೋ ಎಂಜಿನ್ ಸ್ಟಾರ್ಟ್ ಮಾಡಿದಾಗಲೇ ಸ್ವಾಮಿ ಕಾಯಿಲೆ ತಿಳಿಯೋದು. ನೀಲಿ ಹೊಗೆ ಬಂದ್ರೆ ಆಯಿಲ್ ಸುಡ್ತಿದೆ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ರೆ ಕೂಲೆಂಟ್ ಎಂಜಿನ್ ಒಳಗೆ ಇಳೀತಿದೆ ಅಂತ ಅನುಮಾನ ಪಡಿ. ಬಾಗಿಲ ಕೆಳಗೆ ಅಯಸ್ಕಾಂತ ಇಟ್ಟೆ, ಜಾರಿ ಬಿತ್ತು. ತಗಡು ಇರಬೇಕಾದ ಕಡೆ ಪುಟ್ಟಿ! ಥೇಟ್ ಸಿನಿಮಾ ಸೆಟ್ಟಿನ ಅರಮನೆ. ಹಿಂದೆ ಹೋಗಿ ನೋಡಿದ್ರೆ ಬರೀ ಸರ್ವೆ ಕಂಬ.

ಎರಡನೇದು ನಿವೃತ್ತ ಮೇಷ್ಟ್ರೊಬ್ಬರ ಮನೆಯಲ್ಲಿತ್ತು. ಬೂದು ಬಣ್ಣ, ಅದೂ ಬಿಸಿಲಿಗೆ ಮಂಕಾಗಿತ್ತು. ಮೇಷ್ಟ್ರು ಕೀ ಕೊಡೋ ಮೊದಲು ಬಿಲ್ಲುಗಳ ಫೈಲ್ ಕೊಟ್ಟರು. ಆಯಿಲ್, ಕ್ಲಚ್, ಟೈಮಿಂಗ್ ಬೆಲ್ಟ್, ಎಲ್ಲದಕ್ಕೂ ತಾರೀಖು! ಆ ಬೆಲ್ಟ್ ಹರಿದರೆ ವಾಲ್ವ್ ಬಾಗಿ, ಎಂಜಿನ್ನೇ ಬಿಚ್ಚಬೇಕಾದೀತು. ಸಾಲದ್ದಕ್ಕೆ ಫಿಯಟ್ 2019ರಲ್ಲಿ ಇಲ್ಲಿ ಕಾರು ಮಾರೋದನ್ನೇ ನಿಲ್ಲಿಸಿತು, ಸ್ಪೇರ್ ಪಾರ್ಟ್‌ಗೆ ಅಲೆದಾಟ. ಅದಕ್ಕೇ ಎರಡು ಲಕ್ಷ ಇದ್ರೆ ಗಾಡಿಗೆ ಒಂದೂಕಾಲು ಸಾಕು. ಮಿಕ್ಕಿದ್ದು ಮೆಕ್ಯಾನಿಕ್ ಪಾಲು ಅಂತ ಮೊದಲೇ ಎತ್ತಿಡಿ.

ಗೆಳೆಯ ಮುಖ ಸೊಟ್ಟಗೆ ಮಾಡಿದ. "ಕಲರ್ರೇ ಇಲ್ವಲ್ಲೋ!"

"ಬಣ್ಣ ಯಾವಾಗ ಬೇಕಾದ್ರೂ ಹೊಡಿಸ್ಬಹುದು ಮಾರಾಯ. ಇಂಥ ಫೈಲ್ ಎಲ್ಲಿಂದ ತರ್ತೀಯ?"

ಆರ್.ಸಿ. ಬಿಡಿಸಿ ನೋಡಿದ್ವಿ. ಹೊಸ ಗಾಡಿಗೆ 15 ವರ್ಷ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. ಇದು 2003ರ ಗಾಡಿ, 2018 ಮತ್ತು 2023ರಲ್ಲಿ ಎರಡೂ ಸಲ ಆಗಿದೆ. ಮುಂದಿನದು 2028ಕ್ಕೆ. 20 ವರ್ಷ ದಾಟಿದ ಕಾರಿಗೆ ಆ ಶುಲ್ಕವನ್ನು 2025ರಲ್ಲಿ 10,000 ರೂಪಾಯಿಗೆ ಏರಿಸಿದ್ದಾರೆ, ಲೆಕ್ಕದಲ್ಲಿರಲಿ. ಷಾಸಿ ನಂಬರ್ ತಾಳೆ ಆಯ್ತು. ಬ್ಯಾಂಕ್ ಸಾಲದ ನಮೂದೂ ಇಲ್ಲ.

ಗೆಳೆಯ ಕೆಂಪು ಗಾಡಿಯ ಫೋಟೋವನ್ನು ಇನ್ನೊಂದು ಸಲ ನೋಡಿ ಫೋನ್ ಜೇಬಿಗಿಟ್ಟ. ಮೇಷ್ಟ್ರು 29, 30ನೇ ಫಾರಂಗಳಿಗೆ ಅಲ್ಲೇ ಸೈನ್ ಹಾಕಿ, ಫೈಲನ್ನೂ ಅವನ ಕೈಗೇ ಕೊಟ್ಟರು.

ಮುಂದಿನ ವಾರ: ನಮ್ಮ ಮೈಸೂರಿನಲ್ಲಿ ಹುಟ್ಟಿದ ಯೆಜ್ಡಿ!