ಮಾತ್ರೆಯ ಬಿಲ್ಲು ಯಾರ ಲೆಕ್ಕಕ್ಕೆ?

ಹೋದ ಸೆಮಿಸ್ಟರ್‌ನಲ್ಲಿ ನಮ್ಮ ಹಾಸ್ಟೆಲಿನ ಗೆಳೆಯನೊಬ್ಬ ಖಿನ್ನತೆಗೆ ತಗೊಳ್ತಿದ್ದ ಮಾತ್ರೆ ನಿಲ್ಲಿಸಿಬಿಟ್ಟ. ಡಾಕ್ಟರ್ ನಿಲ್ಲಿಸು ಅಂದಿರಲಿಲ್ಲ. ಡಾಕ್ಟರ್ ಫೀಸು, ಮಾತ್ರೆಯ ದುಡ್ಡು ಎರಡನ್ನೂ ಅವನ ಅಪ್ಪ ಹೆಲ್ತ್ ಇನ್ಶೂರೆನ್ಸಿನಲ್ಲಿ ಕ್ಲೈಮ್ ಮಾಡಿದ್ದರು. ಒಂದೇ ಸಾಲಿನ ಉತ್ತರ ಬಂತು: ಓಪಿಡಿ ಖರ್ಚು ಪಾಲಿಸಿಯಲ್ಲಿ ಬರಲ್ಲ. ಮನೆಯಲ್ಲಿ ದುಡ್ಡಿನ ಮಾತು ಬಂತು, ಇವನಿಗೆ ನಾಚಿಕೆಯಾಯ್ತು, ಸ್ಟ್ರಿಪ್ ಖಾಲಿಯಾದ ಮೇಲೆ ಹೊಸದು ತರಲಿಲ್ಲ. ಕೆಲವೇ ವಾರಗಳಲ್ಲಿ ಕ್ಲಾಸಿಗೆ ಬರೋದೂ ನಿಂತಿತು. ಪಕ್ಕದ ರೂಮಿನಲ್ಲೇ ಇದ್ದ ನಮಗೆ ಕಾರಣ ಗೊತ್ತಾಗಿದ್ದು ಆಮೇಲೆ.

ಕಾನೂನು ಏನು ಹೇಳುತ್ತೆ ಅಂತ ಆಗ ಹುಡುಕಿದೆವು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಸೆಕ್ಷನ್ನಿನ 4ನೇ ಉಪವಿಧಿ ಸ್ಪಷ್ಟವಾಗಿದೆ. ದೇಹದ ಕಾಯಿಲೆಗೆ ವಿಮೆ ಯಾವ ಆಧಾರದ ಮೇಲೆ ಸಿಗುತ್ತೋ, ಮನಸ್ಸಿನ ಕಾಯಿಲೆಗೂ ಅದೇ ಆಧಾರದ ಮೇಲೆ ಸಿಗಬೇಕು. ಕಾಯ್ದೆ 2018ರಲ್ಲಿ ಜಾರಿಗೆ ಬಂತು. ಅದೇ ವರ್ಷ ಆಗಸ್ಟ್‌ನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಇದನ್ನು ಪಾಲಿಸಿ ಎಂದು ಎಲ್ಲ ಕಂಪನಿಗಳಿಗೂ ಸುತ್ತೋಲೆ ಕಳಿಸಿತು. ಆದರೂ 'ಮನೋರೋಗಕ್ಕೆ ಅನ್ವಯಿಸುವುದಿಲ್ಲ' ಎಂಬ ಹಳೇ ಷರತ್ತು ತೋರಿಸಿ ಆಸ್ಪತ್ರೆ ಬಿಲ್ಲನ್ನು ತಿರಸ್ಕರಿಸಿದ್ದು ನಡೆದೇ ಇತ್ತು. ಅಂಥ ಒಂದು ಪ್ರಕರಣದಲ್ಲಿ 2021ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್, ಆ ಷರತ್ತು ಕಾಯ್ದೆಗೆ ವಿರುದ್ಧ ಎಂದು ಹೇಳಿ ಹಣ ಕೊಡಿಸಿತು.

ಹಾಗಾದ್ರೆ ನಮ್ಮ ಗೆಳೆಯನಿಗೆ ಯಾಕೆ ಸಿಗಲಿಲ್ಲ? ಕಂಪನಿಯ ವಾದವನ್ನೂ ನ್ಯಾಯವಾಗಿ ಕೇಳೋಣ. ನಮ್ಮಲ್ಲಿ ಹೆಚ್ಚಿನ ಪಾಲಿಸಿಗಳು ಆಸ್ಪತ್ರೆಯಲ್ಲಿ ಕನಿಷ್ಠ 24 ಗಂಟೆ ಅಡ್ಮಿಟ್ ಆದರೆ ಮಾತ್ರ ಹಣ ಕೊಡುತ್ತವೆ. ದಿನಾ ನುಂಗುವ ಶುಗರ್ ಮಾತ್ರೆಗೂ ಕೊಡಲ್ಲ, ಬಿಪಿ ಮಾತ್ರೆಗೂ ಕೊಡಲ್ಲ. 'ಎಲ್ಲರಿಗೂ ಒಂದೇ ನಿಯಮ, ಇದರಲ್ಲಿ ತಾರತಮ್ಯ ಎಲ್ಲಿದೆ?' ಅಂತಾರೆ. ಕಾಗದದ ಮೇಲೆ ಸರಿ.

ಆದರೆ ಖಿನ್ನತೆಯ ಚಿಕಿತ್ಸೆ ನಡೆಯೋದೇ ಓಪಿಡಿಯಲ್ಲಿ. ಎಸ್ಸಿಟಾಲೋಪ್ರಾಮ್, ಸರ್ಟ್ರಾಲಿನ್ ತರಹದ ಮಾತ್ರೆಗಳ ಪರಿಣಾಮ ಸರಿಯಾಗಿ ಕಾಣೋಕೇ ವಾರಗಳು ಬೇಕು. ಹುಷಾರಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸು ಅಂತಾರೆ ಡಾಕ್ಟರು. ಏಕಾಏಕಿ ಬಿಟ್ಟರೆ ತಲೆಸುತ್ತು, ನಿದ್ದೆಗೇಡು. ಕಾಯಿಲೆ ಮರುಕಳಿಸುವ ಅಪಾಯ ಬೇರೆ. ಅಂದರೆ ಮಾತ್ರೆ ತಗೊಂಡು ಕ್ಲಾಸು, ಲ್ಯಾಬು ಅಂತ ಓಡಾಡಿಕೊಂಡಿರುವವನಿಗೆ ವಿಮೆ ಇಲ್ಲ. ಮಾತ್ರೆ ಬಿಟ್ಟು, ಕುಸಿದು, ಆಸ್ಪತ್ರೆ ಸೇರಿದವನಿಗೆ ಇದೆ. ಗಾಡಿಗೆ ಆಯಿಲ್ ಹಾಕಿಸೋಕೆ ಕೊಡಲ್ಲ, ಎಂಜಿನ್ ಸೀಜ್ ಆದ್ಮೇಲೆ ಬನ್ನಿ ಅಂದಹಾಗೆ. ಇಂಥ ಲೆಕ್ಕವನ್ನು ನಾವು ಮೇಂಟೆನೆನ್ಸ್ ಪರೀಕ್ಷೆಯಲ್ಲಿ ಬರೆದರೆ ಸೊನ್ನೆ ಬೀಳುತ್ತೆ. ಶುಗರ್‌ನವರಿಗೂ ಇದೇ ಅನ್ಯಾಯ ಆಗುತ್ತಿದೆ ಅನ್ನೋದು ಅದನ್ನು ಸರಿಪಡಿಸೋಕೆ ಇನ್ನೊಂದು ಕಾರಣ, ಸುಮ್ಮನಿರೋಕಲ್ಲ.

ಇನ್ನೊಂದು ಭಯ ಪಾಲಿಸಿ ಫಾರಂನದ್ದು. 'ಮೊದಲೇ ಕಾಯಿಲೆ ಇದೆಯೇ?' ಅಂತ ಕೇಳಿದಾಗ ಇದೆ ಅಂದರೆ ಕಾಯುವ ಅವಧಿ ಬೀಳುತ್ತೆ. 2024ರ ನಿಯಮದ ಪ್ರಕಾರ ಅದು ಹೆಚ್ಚೆಂದರೆ ಮೂರು ವರ್ಷ. ಇಲ್ಲ ಅಂತ ಮುಚ್ಚಿಟ್ಟರೆ, ಮುಂದೆ ಅದನ್ನೇ ನೆಪ ಮಾಡಿ ಕ್ಲೈಮ್ ತಳ್ಳಿಹಾಕಬಹುದು. ಮುಚ್ಚಿಡಬೇಡಿ ಅನ್ನೋದೇ ನಮ್ಮ ಸಲಹೆ. ಮೂರು ವರ್ಷ ಕಾಯೋದು ಕಷ್ಟ, ನಿಜ. ಆಮೇಲೆ ಏನೂ ಸಿಗದೇ ಹೋಗೋದು ಅದಕ್ಕಿಂತ ಕಷ್ಟ.

ಅಡ್ಮಿಟ್ ಆದವರ ಕ್ಲೈಮನ್ನೂ 'ಮನೋರೋಗ' ಅಂತ ತಿರಸ್ಕರಿಸಿದರೆ ಸುಮ್ಮನೆ ಕೂರಬೇಡಿ. ಮೊದಲು ಕಂಪನಿಗೇ ಲಿಖಿತ ದೂರು ಕೊಡಿ, 21(4) ಅಂತ ನಮೂದಿಸಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಬೆಂಗಳೂರಿನಲ್ಲೇ ಕಚೇರಿ ಇದೆ. ಫೀಸಿಲ್ಲ, ವಕೀಲರೂ ಬೇಡ.

ಕಾಲೇಜಿಗೂ ನಮ್ಮದೊಂದು ಕೋರಿಕೆ. ನಮ್ಮ ಫೀಸಿನಲ್ಲೇ ಗ್ರೂಪ್ ಇನ್ಶೂರೆನ್ಸಿನ ದುಡ್ಡೂ ಸೇರಿದೆ. ಆ ಪಾಲಿಸಿಯಲ್ಲಿ ಏನಿದೆ ಅಂತ ನಮ್ಮಲ್ಲಿ ಎಷ್ಟು ಜನ ಓದಿದ್ದೀವಿ? ನಾವಂತೂ ಓದಿರಲಿಲ್ಲ. ಮುಂದಿನ ಸಲ ನವೀಕರಿಸುವಾಗ ಮನೋವೈದ್ಯರ ಓಪಿಡಿ ಮತ್ತು ಮಾತ್ರೆಯ ಖರ್ಚನ್ನೂ ಸೇರಿಸುವಂತೆ ಮಾತಾಡಲಿ. ಪ್ರೀಮಿಯಂ ಸ್ವಲ್ಪ ಜಾಸ್ತಿಯಾದರೆ ನಾವು ಕೊಡೋಕೆ ತಯಾರಿದ್ದೀವಿ. ಮಾತ್ರೆಯ ಅಗತ್ಯ ಇವತ್ತು ಅವನಿಗಿತ್ತು, ನಾಳೆ ನಮಗೇ ಬರಬಹುದು.

ಅಲ್ಲಿವರೆಗೆ ಇಷ್ಟು ನೆನಪಿರಲಿ. ಜನೌಷಧಿ ಕೇಂದ್ರದಲ್ಲಿ ಈ ಮಾತ್ರೆಗಳು ಕಡಿಮೆ ಬೆಲೆಗೆ ಸಿಗುತ್ತವೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ತೆರೆದಿರುತ್ತೆ, ಕನ್ನಡದಲ್ಲೇ ಮಾತಾಡಬಹುದು. ದುಡ್ಡಿಗೋಸ್ಕರ ಮಾತ್ರೆ ಬಿಡುವ ಮೊದಲು ಡಾಕ್ಟರಿಗೆ ಒಂದು ಮಾತು ಹೇಳಿ. ಅವರಿಗೆ ಹೇಳೋಕಾಗದಿದ್ದರೆ ಪಕ್ಕದ ರೂಮಿನ ಬಾಗಿಲು ತಟ್ಟಿ.

ನಮ್ಮ ಗೆಳೆಯ ಈಗ ಮತ್ತೆ ಮಾತ್ರೆ ಶುರು ಮಾಡಿದ್ದಾನೆ. ಅದರ ಬಿಲ್ಲು ಇವತ್ತಿಗೂ ಅವನಪ್ಪನ ಜೇಬಿಗೇ.