ತರಗು ಬೆಂಕಿಯ ಪಾಠ

ವೀರನಹೊಸಹಳ್ಳಿಯ ಗೇಟು ದಾಟಿದರೆ ನಾಗರಹೊಳೆಯ ಕಾಡು. ಇದರ ಒಳಗೂ ಅಂಚಿನಲ್ಲೂ ಬುಡಕಟ್ಟಿನವರಾದ ಜೇನುಕುರುಬರ ಹಾಡಿಗಳಿವೆ. ಬೇಸಿಗೆ ಬಂದರೆ ಬೆಂಕಿ ಕಾಯಲು, ಹೆಜ್ಜೆಗುರುತು ಹಿಡಿದು ಆನೆ, ಹುಲಿಯ ಜಾಡು ಹೇಳಲು ಹಾಡಿಯವರೇ ಬೇಕು. ಆದರೆ ಕಾಡನ್ನು ಹೇಗೆ ನೋಡಿಕೊಳ್ಳಬೇಕೆಂದು ತೀರ್ಮಾನಿಸುವ ಕಡೆ ಅವರಿಗೆ ಜಾಗವಿಲ್ಲ. ಅವರ ಕಣ್ಣಿಗೆ ದಿನಗೂಲಿ ಇದೆ, ತಿಳಿವಳಿಕೆಗೆ ಮನ್ನಣೆಯಿಲ್ಲ. ಇದು ಅವರಿಗಾದ ಅನ್ಯಾಯವಷ್ಟೇ ಅಲ್ಲ, ಕಾಡಿಗಾದ ನಷ್ಟ ಕೂಡ.

ಬಿಳಿಗಿರಿರಂಗನ ಬೆಟ್ಟವನ್ನೇ ನೋಡಿ. ಕಾಡು ಪೂರ್ತಿ ಒಣಗುವ ಮೊದಲೇ ಅಲ್ಲಿನ ಬುಡಕಟ್ಟಿನವರಾದ ಸೋಲಿಗರು ನೆಲದ ತರಗೆಲೆಗೆ ಸಣ್ಣ ಬೆಂಕಿ ಕೊಡುತ್ತಿದ್ದರು. ಅದೇ ತರಗು ಬೆಂಕಿ. 1974ರಲ್ಲಿ ಬೆಟ್ಟ ಅಭಯಾರಣ್ಯವಾದ ಮೇಲೆ ಆ ಬೆಂಕಿ ನಿಂತಿತು, ಲಂಟಾನ ಎಂಬ ಕಳೆಪೊದೆ ಹಬ್ಬಿತು. ನೆಲ್ಲಿ ಮರಗಳನ್ನು ಉಪ್ಪಿಲು ಎಂಬ ಬಂದಳಿಕೆ ಆವರಿಸಿತು. ಬೆಂಕಿ ನಿಂತದ್ದೇ ಕಾರಣ ಎಂದರು ಸೋಲಿಗರು. ಸಂಶೋಧಕರು ಆ ಮಾತನ್ನು ತಳ್ಳಿಹಾಕದೆ ಮರಗಳನ್ನು ಅಳೆದು ನೋಡಿದರು. ನೆಲ್ಲಿ ಕುಗ್ಗುವುದರಲ್ಲಿ ಉಪ್ಪಿಲಿನ ಪಾತ್ರ ದೊಡ್ಡದೆಂದು 2010ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಎಲ್ಲಿ ಹುಡುಕಬೇಕೆಂದು ಹೇಳಿದ್ದು ಕಾಡಿನವರ ಅನುಭವ. ಎಷ್ಟೆಂದು ಹೇಳಿದ್ದು ವಿಜ್ಞಾನ.

ಹಾಗಾದರೆ ತರಗು ಬೆಂಕಿಯನ್ನು ಮತ್ತೆ ತರೋಣ ಎಂದರೆ ಆಕ್ಷೇಪವಿದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದನ್ನು ಕಂಡವರು ಬೆಂಕಿ ಎಂದರೆ ಬೆಚ್ಚುವುದು ಸಹಜ. ಲಂಟಾನ ಆಳೆತ್ತರ ಬೆಳೆದಿರುವ ಕಡೆ ಹಳೆಯ ರೀತಿಯಲ್ಲಿ ಬೆಂಕಿ ಇಡುವುದು ಅಪಾಯವೇ ಸರಿ. ಹಾಗಾಗಿ ಮೊದಲು ಲಂಟಾನ ಕೀಳಬೇಕು. ಆಮೇಲೆ ಸಣ್ಣ ತುಂಡು ನೆಲದಲ್ಲಿ, ಹಿರಿಯರು ಹೇಳಿದ ಹೊತ್ತಿಗೆ ಪ್ರಯೋಗ ನಡೆಸಿ, ಚಿಗುರಿದ ಸಸಿಗಳನ್ನು ಎಣಿಸಬೇಕು. ಹಿರಿಯರು ಹೇಳಿದ್ದೆಲ್ಲ ನಿಜವೇ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಬರಿಗಣ್ಣಿಗೆ ಸಿಗದ ಹುಲಿಗಳ ಲೆಕ್ಕವನ್ನು ಕ್ಯಾಮೆರಾ ಇಟ್ಟು, ಮೈಪಟ್ಟೆ ಗುರುತಿಸಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ತೆಗೆದದ್ದು ಇದೇ ನಾಗರಹೊಳೆಯಲ್ಲಿ. ಅಳತೆಯ ಬೆಲೆ ದೊಡ್ಡದು. ಆದರೆ ಪರೀಕ್ಷೆ ಎರಡೂ ಕಡೆಗೆ ಒಂದೇ ಆಗಿರಬೇಕು: ಹಾಡಿಯ ಮಾತನ್ನು ಅಳೆಯದೆ ಒಪ್ಪುವುದು ಎಷ್ಟು ತಪ್ಪೋ, ಅಳೆಯದೆ ತಳ್ಳುವುದೂ ಅಷ್ಟೇ ತಪ್ಪು.

ದಾರಿ ಕಾನೂನಿನಲ್ಲೇ ಇದೆ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡು ಮತ್ತು ವನ್ಯಜೀವಿಗಳನ್ನು ಕಾಪಾಡುವ ಅಧಿಕಾರವನ್ನು ಗ್ರಾಮಸಭೆಗೆ ಕೊಟ್ಟಿದೆ. 2011ರಲ್ಲಿ ಬಿಳಿಗಿರಿಯ ಸೋಲಿಗರಿಗೆ ಹುಲಿ ಮೀಸಲಿನೊಳಗೇ ಸಮುದಾಯ ಹಕ್ಕು ಸಿಕ್ಕಿದೆ. ನಾಗರಹೊಳೆಯ ಮುಂದಿನ ನಿರ್ವಹಣಾ ಯೋಜನೆ ಬರೆಯುವ ಮೊದಲು ಅಧಿಕಾರಿಯೂ ವಿಜ್ಞಾನಿಯೂ ಹಾಡಿಯ ಸಭೆಯಲ್ಲಿ ಕೂತು ಕೇಳಲಿ. ಬೆಂಕಿ ಕಾಯಲು ಕರೆಯುವವರನ್ನು ಬೆಂಕಿಯ ಬಗ್ಗೆ ಕೇಳದೆ ಯೋಜನೆ ಬರೆಯುವುದು ಇನ್ನು ಸಾಕು.