ತರಗತಿಯೊಳಗಿನ ಸಂಶೋಧನೆಗೂ ವಿದ್ಯಾಪೀಠ ನಾಲ್ಕು ಕಾಸು ಕೊಡಲಿ

ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ ಭಾಗದ ಕನ್ನಡ ಶಾಲೆಗಳಲ್ಲಿ ಹತ್ತನೇ ಇಯತ್ತೆವರೆಗೆ ಓದಿದ ಬಹಳಷ್ಟು ಮಕ್ಕಳು ಕಾಲೇಜು ಮೆಟ್ಟಿಲು ಹತ್ತುತ್ತಲೇ ಮರಾಠಿ ಇಲ್ಲವೇ ಇಂಗ್ಲಿಷ್ ಪಾಠಕ್ಕೆ ಕೂರಬೇಕಾಗುತ್ತದೆ. ಕಾಮರ್ಸ್ ತೊಗೊಂಡವರ ಪಾಡು ನೋಡಿ. ಮನೆಯಲ್ಲಿ ಕೇಳಿದ ಬಡ್ಡಿ ಇಲ್ಲಿ 'ವ್ಯಾಜ', ಪುಸ್ತಕದಲ್ಲಿ ಇಂಟರೆಸ್ಟ್. ಬಂಡಿಯ ಗಾಲಿ ಸವೆಯುವುದನ್ನು ದಿನಾ ಕಂಡ ಹುಡುಗನಿಗೆ ಮಾಸ್ತರರು 'ಘಸಾರಾ' ಅಂದರೆ ತಲೆಬುಡ ತಿಳಿಯದು; ಸವಕಳಿ ಎಂಬ ಒಂದು ಶಬ್ದ ಹೇಳಿದರೆ ಅರ್ಧ ಪಾಠ ಮುಗಿದಂತೆ. ಬಂಡವಾಳ ಮಾತ್ರ 'ಭಾಂಡವಲ' ಆಗಿ ಹೇಗೋ ಗುರುತು ಸಿಗುತ್ತದೆ.

ಇಂಥ ಹುಡುಗ ಪರೀಕ್ಷೆಯಲ್ಲಿ ನಪಾಸಾದರೆ ಅದು ಲೆಕ್ಕ ಬಾರದ್ದಕ್ಕೋ, ಶಬ್ದ ತಿಳಿಯದ್ದಕ್ಕೋ? ಇದಕ್ಕೆ ಉತ್ತರ ಹುಡುಕಬಲ್ಲವರು ಎದುರಿಗೆ ನಿಂತು ಪಾಠ ಹೇಳುವ ಮಾಸ್ತರರೇ. ಒಂದು ಪಾಳಿಗೆ ಮೂರು ಭಾಷೆಯ ಶಬ್ದಪಟ್ಟಿ ಕೊಟ್ಟು, ಇನ್ನೊಂದಕ್ಕೆ ಕೊಡದೆ, ಎರಡರ ಉತ್ತರಪತ್ರಿಕೆ ಕೂಡಿಸಿ ನೋಡಿದರೂ ಸಾಕು, ಏನೋ ಒಂದು ಗೊತ್ತಾದೀತು. ಆದರೆ ಈ ಕೆಲಸಕ್ಕೆ ಅವರಿಗೆ ವೇಳೆ ಕೊಡುವವರು ಯಾರು?

ಬೇರೆ ಕಡೆ ಇದಕ್ಕೆಂದೇ ವ್ಯವಸ್ಥೆ ಇದೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯ 1962ರಲ್ಲೇ ಕಲಿಕೆ ಮತ್ತು ಬೋಧನೆಯ ಸಂಶೋಧನಾ ಕೇಂದ್ರ ತೆರೆಯಿತು. ತಮ್ಮ ವಿದ್ಯಾರ್ಥಿಗಳು ಹೇಗೆ ಕಲಿಯುತ್ತಾರೆಂದು ಅಭ್ಯಾಸ ಮಾಡುವ ಅಧ್ಯಾಪಕರಿಗೆ ಆ ಕೇಂದ್ರ ಅನುದಾನ ಕೊಡುತ್ತದೆ. 1990ರಲ್ಲಿ ಕಾರ್ನೆಗಿ ಪ್ರತಿಷ್ಠಾನದ ಅರ್ನೆಸ್ಟ್ ಬಾಯರ್, ಹೊಸದನ್ನು ಕಂಡುಹಿಡಿಯುವುದಷ್ಟೇ ವಿದ್ವತ್ತಲ್ಲ, ಕಲಿಸುವುದೂ ವಿದ್ವತ್ತೇ ಎಂದು ವರದಿ ಬರೆದರು. ಅಲ್ಲಿನ ಅನೇಕ ವಿದ್ಯಾಪೀಠಗಳು ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡವು.

ನಮ್ಮಲ್ಲಿ 1986ರ ಶಿಕ್ಷಣ ನೀತಿಯ ನಂತರ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು ಬಂದವು. 2015ರಲ್ಲಿ ಹೆಸರು ಬದಲಾಯಿತು, 2023ರಲ್ಲಿ ಮಾಳವೀಯ ಮಿಷನ್ ಎಂದು ಮತ್ತೊಮ್ಮೆ ಬದಲಾಯಿತು. ತರಬೇತಿ ನಡೆಯುತ್ತದೆ, ಪ್ರಮಾಣಪತ್ರ ಸಿಗುತ್ತದೆ, ಬಡ್ತಿಯ ಫೈಲಿಗೆ ಸೇರುತ್ತದೆ. ತರಬೇತಿ ಬೇರೆ, ಸ್ವಂತ ವರ್ಗವನ್ನೇ ಅಭ್ಯಾಸ ಮಾಡುವುದು ಬೇರೆ.

ಅಂಕದ ಲೆಕ್ಕವೂ ಹಾಗೇ. ಯುಜಿಸಿಯ 2018ರ ನಿಯಮಾವಳಿಯಲ್ಲಿ ಕಾಮರ್ಸ್ ಅಧ್ಯಾಪಕರು ಒಂದು ಸಂಶೋಧನಾ ಲೇಖನ ಛಾಪಿಸಿದರೆ 10 ಅಂಕ. ಹೊಸ ಬೋಧನಾ ವಿಧಾನ ರೂಪಿಸಿದರೆ 5. ಪಾಠದ ಮೇಲೆಯೇ ಲೇಖನ ಬರೆದರೂ 10 ಸಿಗಬಹುದು, ನಿಜ. ಆದರೆ ವರ್ಷಗಟ್ಟಲೆ ಹುಡುಗರ ಉತ್ತರ ತಿದ್ದಿ ನೋಡಿ ಬರೆಯುವುದಕ್ಕಿಂತ ನಾಲ್ಕು ಪುಸ್ತಕ ತಿರುವಿ ಬರೆಯುವುದು ಸಲೀಸು. ಯಾರನ್ನು ದೂರಬೇಕು? 2025ರ ಜನವರಿಯಲ್ಲಿ ಯುಜಿಸಿ ಹೊರಡಿಸಿದ ಕರಡಿನಲ್ಲಿ ಹೊಸ ರೀತಿಯ ಬೋಧನೆ ಮತ್ತು ಭಾರತೀಯ ಭಾಷೆಗಳಲ್ಲಿ ಬೋಧನೆ ಎರಡನ್ನೂ ಗಮನಾರ್ಹ ಕೊಡುಗೆಗಳ ಪಟ್ಟಿಗೆ ಸೇರಿಸಲಾಗಿತ್ತು. ಗಡಿಭಾಗದ ಕಾಲೇಜುಗಳಿಗೆ ಇದಕ್ಕಿಂತ ಹತ್ತಿರದ ವಿಷಯ ಇನ್ನಾವುದಿದೆ?

ಇನ್ನೊಂದು ಮಾತು. ಎಷ್ಟೋ ಕಾಲೇಜುಗಳಲ್ಲಿ ಪಾಠದ ಭಾರ ಹೊತ್ತವರು 'ತಾಸಿಕಾ ತತ್ವ'ದ ಮೇಲೆ, ಅಂದರೆ ತಾಸಿನ ಲೆಕ್ಕದಲ್ಲಿ ದುಡಿಯುವವರು. ತಾಸು ಮುಗಿದರೆ ಸಂಬಳ ಮುಗಿಯಿತು. ಕಾಯಂ ಪ್ರಾಧ್ಯಾಪಕರಿಗಷ್ಟೇ ಅನುದಾನ ಎಂದರೆ, ಹುಡುಗರ ಕಷ್ಟವನ್ನು ದಿನಾ ಕಾಣುವ ಇವರನ್ನೇ ಹೊರಗಿಟ್ಟಂತೆ. ಅರ್ಜಿ ಹಾಕುವ ಹಕ್ಕು ಇವರಿಗೂ ಬೇಕು, ಆ ಕೆಲಸದ ತಾಸಿಗೂ ಹಣ ಬೇಕು.

ಅಕ್ಕಲಕೋಟದ ಕಾಲೇಜುಗಳು 2004ರಲ್ಲಿ ಹುಟ್ಟಿದ ಸೊಲ್ಲಾಪುರ ವಿದ್ಯಾಪೀಠಕ್ಕೆ (ಈಗ ಅಹಿಲ್ಯಾದೇವಿ ಹೋಳ್ಕರರ ಹೆಸರಿನದು) ಸೇರಿವೆ, ಜತ್ತದವು ಕೊಲ್ಲಾಪುರದ ಶಿವಾಜಿ ವಿದ್ಯಾಪೀಠಕ್ಕೆ. ಗಡಿಯಾಚೆ ಬೆಳಗಾವಿ, ನಿಪ್ಪಾಣಿ ಕಡೆ ಮರಾಠಿ ಶಾಲೆಯಿಂದ ಕಾಲೇಜಿಗೆ ಬರುವ ಮಕ್ಕಳದೂ ಇದೇ ಕಥೆ, ದಿಕ್ಕು ಮಾತ್ರ ಉಲ್ಟಾ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವನ್ನೂ ಕೂಡಿಸಿಕೊಂಡು ಮೂವರೂ ಒಂದೇ ಪ್ರಶ್ನೆಯ ಮೇಲೆ ಕೆಲಸ ಮಾಡಬಹುದು. ದೊಡ್ಡ ಯಂತ್ರ ಬೇಡ, ಪ್ರಯೋಗಾಲಯ ಬೇಡ. ವಾರಕ್ಕೆ ಎರಡು ತಾಸಿನ ಬಿಡುವು, ಛಾಪಿಸುವ ಖರ್ಚು, ಓಡಾಟದ ಖರ್ಚು, ಇಷ್ಟೇ.

ವಿದ್ಯಾಪೀಠದ ಬಜೆಟ್ ಅಧಿಸಭೆಯ ಮುಂದೆ ಬಂದಾಗ ಗಡಿ ತಾಲೂಕಿನ ಸದಸ್ಯರು ಇದಕ್ಕೊಂದು ಪ್ರತ್ಯೇಕ ಕಲಮು ಕೇಳಬೇಕು. ಪಾಲಕರು ಆ ಸದಸ್ಯರನ್ನು ಈಗಲೇ ಕಂಡು, 'ನಮ್ಮ ಹುಡುಗರ ಸಲುವಾಗಿ ಒಂದ್ ಮಾತ್ ಎತ್ರಿ' ಎಂದು ಹೇಳಿಡುವುದು ಒಳ್ಳೆಯದು.